ಹೆಣ್ಣು ನೋಡಿದ ಮನೆಗಳು

ನಾಲ್ಕು ಮನೆಯವರು ನನಗೆ ಸುಳ್ಳು ಹೇಳಿದರು. ಅದೂ ನಾಲ್ವರೂ ಒಂದೇ ಸುಳ್ಳು: ನಮ್ಮ ಮನೆಗೆ ಯಾರೂ ಬಂದಿಲ್ಲ. ಅದು ಸುಳ್ಳು ಅಂತ ಕಂಡುಕೊಳ್ಳುವುದಕ್ಕೆ ನನಗೆ ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನದಲ್ಲಿ ನೆಟ್ಟಗೆ ಕೂತು ಒಂದು ಮುದ್ದೆ ಉಂಡ ನೆನಪು ನನಗಿಲ್ಲ.

ನಾನು ದೀಪಿಕ. ಮಂಡ್ಯದ ಆರೋಗ್ಯ ಇಲಾಖೆಯ ಕಚೇರಿಯೊಂದರಲ್ಲಿ ಮೂಲೆ ರೂಮು, ಗುತ್ತಿಗೆ ಕೆಲಸ. ಯಾವ ರೋಗ ಯಾರಿಂದ ಯಾರಿಗೆ ಹೋಯಿತು ಅಂತ ಕಂಪ್ಯೂಟರಿನಲ್ಲಿ ಬರೆಯುವವಳು. ಒಬ್ಬೊಬ್ಬ ಮನುಷ್ಯ ಒಂದೊಂದು ಚುಕ್ಕಿ. ಇಬ್ಬರು ಹತ್ತಿರ ಕೂತು ಮಾತಾಡಿದರೆ ಅವರ ನಡುವೆ ಒಂದು ಗೆರೆ. ಒಂದೇ ಮನೆಯವರಾದರೆ ದಪ್ಪ ಗೆರೆ, ಬಸ್ಸಿನಲ್ಲಿ ಪಕ್ಕ ಕೂತವರಾದರೆ ತೆಳು ಗೆರೆ. ಗೆರೆಗಳೆಲ್ಲ ಸೇರಿ ಬಲೆ ಆದ ಮೇಲೆ ರೋಗವನ್ನು ಅದರೊಳಗೆ ಸಾವಿರ ಸಲ ಓಡಿಸಿ ನೋಡಬಹುದು. ಮುಂದೆ ಯಾರ ಮನೆಗೆ ಹೋಗಬಹುದು ಅಂತ ಒಂದು ಅಂದಾಜು ಸಿಗುತ್ತದೆ. ಆದರೆ ಗೆರೆ ಇರಬೇಕು. ಚುಕ್ಕಿ ಇಡುವುದಕ್ಕೆ ಯಾರಾದರೂ ಇಡುತ್ತಾರೆ.

ಆ ಕಾರ್ತೀಕದಲ್ಲಿ ನನ್ನ ಹತ್ತಿರ ನಾಲ್ಕು ಚುಕ್ಕಿ ಇದ್ದವು, ಒಂದೂ ಗೆರೆ ಇರಲಿಲ್ಲ. ನಾಲ್ಕೂ ಮಕ್ಕಳು, ನಾಲ್ವರಿಗೂ ಗಂಟಲಮಾರಿ. ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟಿ ಉಸಿರು ಹಿಡಿಯುವ ರೋಗ ಅದು. ಮಕ್ಕಳಿಗೆ ಹಾಕುವ ಸೂಜಿಯಿಂದ ತೊಲಗಿತು ಅಂದುಕೊಂಡಿದ್ದೆವು. ಈ ನಾಲ್ವರಿಗೂ ಐದನೇ ವರ್ಷದ ಸೂಜಿ ತಪ್ಪಿಹೋಗಿತ್ತು. ಒಂದು ಮಗು ಗುತ್ತಲಿನಲ್ಲಿ, ನನ್ನ ಗಂಡನ ಮನೆಯಿಂದ ಮೂರು ಬೀದಿ ಆಚೆ. ಇನ್ನೆರಡು ಮದ್ದೂರು ಕಡೆಯ ಬೇರೆ ಬೇರೆ ಹಳ್ಳಿ. ನಾಲ್ಕನೆಯದು ಮಳವಳ್ಳಿ ರಸ್ತೆಯಲ್ಲಿ, ಚಿಕ್ಕಬೋರಮ್ಮ ಅನ್ನುವ ಮುದುಕಿಯ ಮೊಮ್ಮಗಳು. ಆಸ್ಪತ್ರೆಗೆ ತರುವಷ್ಟರಲ್ಲಿ ತಡವಾಗಿತ್ತು. ಐದು ವರ್ಷದ ಹುಡುಗಿ, ಹೋಗಿಬಿಟ್ಟಳು.

ನಾಲ್ಕು ಊರಿಗೂ ಒಂದಕ್ಕೊಂದು ಸಂಬಂಧವಿಲ್ಲ. ಒಂದೇ ಶಾಲೆಯಲ್ಲ, ಒಂದೇ ಬಸ್ಸಲ್ಲ, ನೆಂಟಸ್ತಿಕೆ ಇಲ್ಲ. ನಮ್ಮ ಡಾಕ್ಟರು ಅಶೋಕ್, ಮಳವಳ್ಳಿ ಕಡೆಯವರು, ಕೂಗಾಡುವ ಜನ ಅಲ್ಲ. ನನ್ನ ಪರದೆಯನ್ನು ಬಗ್ಗಿ ನೋಡಿ ಮಕ್ಕಳು ಮಕ್ಕಳಿಗೆ ಅಂಟಿಸಿಲ್ಲ ಅಂದರು. ನಡುವೆ ಒಬ್ಬ ಇದ್ದಾನೆ, ಅವನಿಗೆ ಜ್ವರವಿಲ್ಲ, ನೋವಿಲ್ಲ, ಗಂಟಲಲ್ಲಿ ಕ್ರಿಮಿ ಇಟ್ಟುಕೊಂಡು ಓಡಾಡುತ್ತಿದ್ದಾನೆ, ಅವನನ್ನು ಹುಡುಕು ಅಂದರು. ನಾಲ್ಕು ಚುಕ್ಕಿಗಳ ನಡುವೆ ಒಂದು ಖಾಲಿ ಚುಕ್ಕಿ ಇಟ್ಟು ಓಡಿಸಿ ನೋಡಿದೆ. ಹಾಗೊಬ್ಬ ಇದ್ದರೆ ಇನ್ನೂ ನಾಲ್ಕೈದು ಮನೆ ಬಾಕಿ ಇರಬೇಕು ಅಂತ ಅಂದಾಜು ಬಂತು. ಅವತ್ತಿನಿಂದ ನನಗೆ ಕೂತರೆ ನಿಂತರೆ ಅದೇ ಚಿಂತೆ. ಎಲ್ಲೋ ಒಂದು ಮಗುವಿಗೆ ಇವತ್ತು ಗಂಟಲು ಕೆರೆಯುತ್ತಿದೆ, ಅವರಮ್ಮ ಉಪ್ಪುನೀರು ಮುಕ್ಕಳಿಸು ಅನ್ನುತ್ತಿದ್ದಾಳೆ.

ಹಾಲಿನ ಡೇರಿಯವರನ್ನು ಕೇಳಿದೆ. ಸ್ಕೂಟರಿನಲ್ಲಿ ಸೀರೆ ಮಾರುವವನನ್ನು ಹಿಡಿದೆ, ಬೋರ್‌ವೆಲ್ ಮೆಕ್ಯಾನಿಕ್ಕನ್ನು ಹಿಡಿದೆ, ವಿಮೆ ಏಜೆಂಟನ್ನು ಕೇಳಿ ಬೈಸಿಕೊಂಡೆ. ನಾಲ್ಕು ಮನೆಗೂ ಮೂರು ಮೂರು ಸಲ ಹೋದೆ. ನೆಂಟರು ಬಂದಿದ್ದರಾ? ಇಲ್ಲ. ಹೊರಗಿನವರು? ಇಲ್ಲ. ಸತ್ತ ಮಗುವಿನ ಅಜ್ಜಿ ಚಿಕ್ಕಬೋರಮ್ಮ ಕೂಡ ಸೆರಗಿನಲ್ಲಿ ಮುಖ ಒರೆಸಿಕೊಂಡು ಯಾರೂ ಇಲ್ಲ ಕಣವ್ವ ಅಂದಳು. ನನಗೆ ರೇಗಿ ಹೋಯಿತು. ರೋಗವೇನು ಗಾಳಿಪಟವಾ, ಹಾರಿಕೊಂಡು ಬರುವುದಕ್ಕೆ?

ಒಂಬತ್ತನೇ ದಿನ ಆಸ್ಪತ್ರೆಯ ವಾರ್ಡಿಗೆ ಹೋದೆ. ಗುತ್ತಲಿನ ಮಗು, ಆರು ವರ್ಷದ ಪುನೀತ್, ಎದ್ದು ಕೂತು ಬಿಸ್ಕತ್ತು ತಿನ್ನುತ್ತಿದ್ದ. ಅವನ ತಾಯಿ ನೀರು ತರಲು ಹೋಗಿದ್ದಳು. ಆಗ ಹೊಳೆಯಿತು ನನ್ನ ಮಂಕುಬುದ್ಧಿಗೆ. ನಮ್ಮ ಫಾರಂ ತುಂಬುವುದೆಲ್ಲ ದೊಡ್ಡವರನ್ನು ಕೇಳಿ. ಮಗುವನ್ನು ಯಾರೂ ಕೇಳಿರಲಿಲ್ಲ. ಮಾಸ್ಕು ಸರಿಮಾಡಿಕೊಂಡು ಅವನ ಪಕ್ಕ ನಿಂತು, ನಿಮ್ಮ ಮನೆಗೆ ಹೊಸಬರು ಯಾರು ಬಂದಿದ್ದರು ಪುಟ್ಟ ಅಂದೆ.

“ಮಾಮ ಬಂದಿದ್ದ,” ಅಂದ. “ಅಕ್ಕನ ಜೊತೆ ರೂಮಲ್ಲಿ ಕೂತ್ಕೋ ಓಗು ಅಂತ ಅಜ್ಜಿ ಕಳಿಸ್ತು.”

ಹೆಣ್ಣು ನೋಡುವ ಶಾಸ್ತ್ರ! ಕಾಫಿ, ಉಪ್ಪಿಟ್ಟು ಆದ ಮೇಲೆ ಹುಡುಗ ಹುಡುಗಿ ಹತ್ತು ನಿಮಿಷ ಮಾತಾಡಿಕೊಳ್ಳಲಿ ಅಂತ ರೂಮಿಗೆ ಬಿಡುತ್ತಾರೆ. ಇಬ್ಬರನ್ನೇ ಬಿಟ್ಟರೆ ಚೆನ್ನಾಗಿರುವುದಿಲ್ಲ ಅಂತ ಮನೆಯ ಒಂದು ಮಗುವನ್ನು ಜೊತೆಗೆ ತಳ್ಳುತ್ತಾರೆ. ನಾಲ್ಕು ಮನೆಯಲ್ಲೂ ಮದುವೆಗೆ ಬಂದ ಹುಡುಗಿ ಇದ್ದಳು. ನಾನೇ ನೋಡಿದ್ದೆ, ನನಗೆ ಕಾಫಿ ತಂದುಕೊಟ್ಟಿದ್ದರು. ಬಾಯಿಬಿಟ್ಟರೆ ದೃಷ್ಟಿ ತಾಗುತ್ತದೆ. ಮಾತು ಮುರಿದುಬಿದ್ದರೆ, ಹುಡುಗಿಯಲ್ಲಿ ಏನು ಐಬೋ ಅಂತ ಊರು ಆಡಿಕೊಳ್ಳುತ್ತದೆ. ಮಗು ಸತ್ತರೂ ಹೇಳಲಿಲ್ಲ ಅಂದರೆ ನೋಡಿ, ಆ ಭಯ ಎಷ್ಟು ಆಳಕ್ಕೆ ಇಳಿದಿದೆ ಅಂತ.

ಮಾಮ ಏನು ಮಾಡಿದ ಅಂತ ಕೇಳಿದೆ. ಮಾಮ ಅಕ್ಕನನ್ನು ಮಾತಾಡಿಸಲೇ ಇಲ್ಲವಂತೆ. ಇವನನ್ನು ತೊಡೆ ಮೇಲೆ ಕೂರಿಸಿಕೊಂಡು, ಎರಡು ಕೈ ಬಾಯಿಗೆ ಹಿಡಿದು ರೈಲು ಕೂಗಿಸಿದನಂತೆ. ಸ್ಟೇಷನ್ನಿನಲ್ಲಿ ನಿಲ್ಲುವ ರೈಲು ಒಂಥರಾ, ನಿಲ್ಲದೆ ಹೋಗುವ ರೈಲು ಒಂಥರಾ.

ಹನಕೆರೆ ಸ್ಟೇಷನ್ನಿನ ಪಕ್ಕದ ಗದ್ದೆಯಲ್ಲಿ ಬೆಳೆದವಳು ನಾನು. ಹಾಗೆ ಎರಡು ಥರ ರೈಲು ಕೂಗಿಸುವ ಮನುಷ್ಯನನ್ನು ಭೂಮಿಯ ಮೇಲೆ ಒಬ್ಬನನ್ನೇ ಬಲ್ಲೆ. ನಮ್ಮಣ್ಣ ಚಲುವರಾಜು.

ಅಣ್ಣನಿಗೆ ಮೂವತ್ತೇಳು. ಮೂರು ಎಕರೆ ಕಬ್ಬು, ಗದ್ದೆ, ಎರಡು ಹಸು, ಬೀಡಿ ಸಿಗರೇಟು ಮುಟ್ಟದ ಆಳು. ಆದರೆ ಹೊಲ ಮಾಡುವವನಿಗೆ ಹೆಣ್ಣು ಕೊಡುವವರಿಲ್ಲ. ನಾಲ್ಕು ವರ್ಷದಿಂದ ಹುಡುಕುತ್ತಿದ್ದಾರೆ ಅಂತ ಗೊತ್ತಿತ್ತು. ನಾಲ್ಕೈದು ಕಡೆ ನೋಡಿರಬಹುದು ಅಂದುಕೊಂಡಿದ್ದೆ. ಅವ್ವ ನನಗೆ ಹೇಳುತ್ತಿರಲಿಲ್ಲ, ನನ್ನ ಬಾಯಿ ಸುಮ್ಮನಿರುವುದಿಲ್ಲ ಅಂತ. ಹೋದ ವರ್ಷ ಒಂದು ಸಲ ನಾನೇ ಅವನಿಗೆ, ನೀನು ಹುಡುಗಿ ಮುಂದೆ ಬಾಯಿ ಬಿಡದೆ ಕೂತರೆ ಯಾವಳು ಒಪ್ಪುತ್ತಾಳೆ ಅಂತ ಅಂದುಬಿಟ್ಟಿದ್ದೆ. ಅವನು ನಕ್ಕು ಎದ್ದು ಹೋಗಿದ್ದ.

ಸ್ಕೂಟರು ಹತ್ತಿ ಹನಕೆರೆಗೆ ಹೋದೆ. ಹೆದ್ದಾರಿಯಲ್ಲಿ ಎರಡು ಸಲ ಲಾರಿಯವರು ಬೈದರು. ಮನೆಯಲ್ಲಿ ಅವ್ವನ ಎದುರು ಹೊನ್ನಯ್ಯ ಕೂತಿದ್ದ. ಮದುವೆ ದಲ್ಲಾಳಿ, ಆದರೆ ಯಾರ ಮನೆಗೂ ಜೊತೆಗೆ ಹೋಗುವವನಲ್ಲ. ಎಲ್ಲ ಫೋನಿನಲ್ಲೇ ಕುದುರಿಸಿ ಕಾಫಿಗೆ ಮಾತ್ರ ಬರುತ್ತಾನೆ. ನನ್ನನ್ನು ಕಂಡದ್ದೇ ಇಬ್ಬರೂ ಮಾತು ನಿಲ್ಲಿಸಿದರು. ನಾನು ಗಂಟಲಮಾರಿ ಅಂದೆ ಅಷ್ಟೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಹೊನ್ನಯ್ಯ ಫೋನನ್ನು ಜೇಬಿಗಿಳಿಸಿ ಎದ್ದ. ಕೂತುಕೋ ಮಾವ, ನಿನ್ನ ಗಂಟಲೂ ನೋಡಬೇಕು ಅಂದೆ. ಕೂತ.

ವಿಷಯ ಪೂರ್ತಿ ಹೇಳಿದೆ. ಮನೆಗಳ ಪಟ್ಟಿ ಬೇಕು, ಇವತ್ತೇ ಬೇಕು ಅಂದೆ. ಆಗ ಅವ್ವ ಬಾಯಿಬಿಟ್ಟಳು. ಕಿರುಗಾವಲಿನ ಲಿಂಗಯ್ಯ ಅನ್ನುವವರ ಮಗಳು ಪ್ರಿಯಾಂಕ, ಒಪ್ಪಿದ್ದಾಳೆ. ಬರುವ ಭಾನುವಾರ ವೀಳ್ಯ ಬದಲಾಯಿಸುವುದು. ಅಣ್ಣನಿಗೆ ರೇಷ್ಮೆ ಶರ್ಟು ಹೊಲಿಸಿ ಆಗಿದೆ. ಈಗ ಹುಡುಗನ ಗಂಟಲಲ್ಲಿ ಮಾರಿ ಇದೆ ಅಂತ ಸುದ್ದಿ ಹೋದರೆ ಏನು ಗತಿ? ಇನ್ನೂ ಒಂದು ಇತ್ತು. ಹುಡುಗ ಇದಕ್ಕೆ ಮುಂಚೆ ನೋಡಿರುವುದು ಒಂದೇ ಹೆಣ್ಣು, ನಿಮ್ಮ ಮಗಳು ಎರಡನೆಯವಳು ಅಂತ ಹೊನ್ನಯ್ಯ ಅಲ್ಲಿ ಹೇಳಿಬಿಟ್ಟಿದ್ದ.

“ಸಾವ್ರ ಸುಳ್ಳು ಯೋಳಿ ಒಂದು ಮದ್ವೆ ಮಾಡು ಅಂತಾರೆ,” ಅಂದಳು ಅವ್ವ. ನನ್ನ ಕೈ ಹಿಡಿದುಕೊಂಡಿದ್ದಳು. “ನೀನು ಒಂದು ನಿಜ ಯೋಳಿ ಅವ್ನ ಮದ್ವೆ ಮುರೀಬೇಡ ಕಣವ್ವ. ಭಾನ್ವಾರ ಒಂದು ಕಳೀಲಿ.”

ಭಾನುವಾರಕ್ಕೆ ಐದು ದಿನ ಇತ್ತು. ಚಿಕ್ಕಬೋರಮ್ಮನ ಮೊಮ್ಮಗಳಿಗೆ ಮೂರೇ ದಿನ ಸಾಕಾಗಿತ್ತು. ನಾನು ಕೂಗಾಡಿದೆ. ಹೊನ್ನಯ್ಯನಿಗೆ ಏನೇನೋ ಅಂದೆ, ಅವ್ವನಿಗೂ ಅಂದೆ. ಆಮೇಲೆ ಅಂಗಳಕ್ಕೂ ನಡುಮನೆಗೂ ಸುಮ್ಮನೆ ತಿರುಗಾಡಿದೆ. ನಿಜ ಹೇಳಬೇಕೆಂದರೆ ನನಗೂ ಆ ಮದುವೆ ಬೇಕಾಗಿತ್ತು. ಅವನೊಬ್ಬ ಸಂಸಾರ ಮಾಡಿಕೊಂಡರೆ ಸಾಕು ಅಂತ ನಾನು ಹೊತ್ತಿರುವ ಹರಕೆ ಒಂದೆರಡಲ್ಲ.

ಅಣ್ಣ ಗದ್ದೆಯಿಂದ ಬಂದ. ಅಂಗಳದಲ್ಲೇ ನಿಲ್ಲಿಸಿದೆ. ಬ್ಯಾಗಿನಲ್ಲಿ ಹತ್ತಿ ಕಡ್ಡಿ ಇತ್ತು. ಒಂಬತ್ತು ದಿನದಲ್ಲಿ ಕೈ ಪಳಗಿತ್ತು. ಮೂವರ ಗಂಟಲಿನಿಂದಲೂ ಮಾದರಿ ತೆಗೆದೆ. ಯಾಕೆ ಅಂತ ಕೇಳಿದ. ಹೇಳಿದೆ. ಒಂದು ಮಗು ಹೋಯಿತು ಅನ್ನುವುದನ್ನೂ ಹೇಳಲೇಬೇಕಾಯಿತು.

“ಯಾವ ಮಗ?” ಅಂದ.

ಮಳವಳ್ಳಿ ರಸ್ತೆಯ ಆ ಊರಿನ ಹೆಸರು ಹೇಳಿದೆ. ಅವನು ಜಗುಲಿ ಮೇಲೆ ಕೂತ. ಎರಡು ಜಡೆ ಹಾಕಿತ್ತು, ಒಂದು ಟೇಪು ಬಿಚ್ಚಿಹೋಗಿತ್ತು, ನಾನೇ ಕಟ್ಟಿಕೊಟ್ಟೆ ಅಂದ. ನಿನಗೆ ಗೊತ್ತಿರಲಿಲ್ಲ ಅಣ್ಣಯ್ಯ, ಅದರಲ್ಲಿ ನಿನ್ನ ತಪ್ಪೇನೂ ಇಲ್ಲ ಅಂತ ನಾನು ಎರಡು ಮೂರು ಸಲ ಅಂದೆ. ಕೇಳಿಸಿತೋ ಇಲ್ಲವೋ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

“ಬರ್ಕೋ,” ಅಂದ ಕಡೆಗೆ.

ನನಗೆ ಬೇಕಾಗಿದ್ದುದು ಕಳೆದ ನಲವತ್ತು ದಿನದ ಮನೆಗಳು ಮಾತ್ರ. ಅವನು ಮೊದಲನೆಯದರಿಂದ ಶುರುಮಾಡಿದ, ನಾಲ್ಕು ವರ್ಷದ ಹಿಂದಿನದು. ಪಾಂಡವಪುರದ ಕಡೆ, ಹಸಿರು ಸೀರೆ, ಇಪ್ಪತ್ತು ನಿಮಿಷ ಕೂತಿದ್ದೆವು, ಹೊಲ ಮಾಡೋರು ಬೇಡ ಅಂದರು. ಎರಡನೆಯದು ಕೊಪ್ಪದ ಹತ್ತಿರ, ಹುಡುಗಿ ಒಳಗಿನಿಂದ ಬರಲೇ ಇಲ್ಲ. ಮೂರನೆಯ ಮನೆಯಲ್ಲಿ ಫೋಟೊದಲ್ಲಿ ಕಂಡಷ್ಟು ಕೂದಲಿಲ್ಲ ಅಂದರು. ಆರನೆಯ ಮನೆಯಲ್ಲಿ ಕಾಫಿ ಕುಡಿಯುವ ಮೊದಲೇ ಬೇಡ ಅಂದರು, ಆದರೂ ಕುಡಿದು ಬಂದೆವು. ತಡೆಯಬೇಕು ಅನ್ನಿಸಿತು, ತಡೆಯಲಾಗಲಿಲ್ಲ. ಯಾರು ಎಲ್ಲಿ ಕೂತಿದ್ದರು, ಕಿಟಕಿ ತೆರೆದಿತ್ತಾ ಇಲ್ಲವಾ, ಯಾರು ಕೆಮ್ಮಿದರು, ಎಲ್ಲವೂ ಅವನ ನೆನಪಿನಲ್ಲಿತ್ತು. ಸಂಪರ್ಕಿತರ ಬಗ್ಗೆ ಅಷ್ಟು ಚೊಕ್ಕ ಮಾಹಿತಿ ನನಗೆ ಯಾವ ಅಧಿಕಾರಿಯಿಂದಲೂ ಸಿಕ್ಕಿಲ್ಲ. ಮೂವತ್ತು ಮನೆ ಆಯಿತು. ಕಡೆಯ ಏಳು ನನಗೆ ಬೇಕಾದವು. ಅದರಲ್ಲಿ ನಾಲ್ಕು ಆಗಲೇ ನನ್ನ ಪರದೆಯಲ್ಲಿದ್ದವು, ಮೂರು ಹೊಸವು.

ಈ ಏಳು ಮನೆಯಲ್ಲೂ ರೂಮಿನಲ್ಲಿ ಮಗುವನ್ನೇ ಮಾತಾಡಿಸಿದೆಯಾ ಅಂತ ಕೇಳಿದೆ. ಹೂಂ ಅಂದ. ಹುಡುಗಿಯರು ದೂರದ ಕುರ್ಚಿಯಲ್ಲಿ ಫೋನ್ ನೋಡಿಕೊಂಡು ಕೂರುತ್ತಿದ್ದರಂತೆ.

ಮೂವತ್ತೊಂದನೆಯದು ಬಾಕಿ ಇತ್ತು, ಕಿರುಗಾವಲು. ನಾನು ಪೆನ್ನು ಹಿಡಿದು ಕಾದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವರಿಗೆ ನಾನೇ ಹೇಳುತ್ತೇನೆ ಅಂದ. ಫೋನ್ ತೆಗೆದ. ಆ ಕಡೆ ಲಿಂಗಯ್ಯ ಬಾಯಿ ತುಂಬ ಮಾತಾಡಿಸಿದ್ದು ನನಗೂ ಕೇಳಿಸಿತು. ಅಣ್ಣ ತನ್ನ ಗಂಟಲ ವಿಷಯ ಹೇಳಿದ, ಮನೆಯ ಮಗುವಿಗೆ ನಾಳೆ ಬೆಳಿಗ್ಗೆಯೇ ಔಷಧ ಆಗಬೇಕು ಅಂದ. ಅಲ್ಲಿಗೆ ನಿಲ್ಲಿಸಬಹುದಿತ್ತು.

“ಇನ್ನೊಂದು ಮಾತು. ನಿಮ್ಮ ಮಗ್ಳು ಎರಡ್ನೇದಲ್ಲ, ಮೂವತ್ತೊಂದ್ನೇದು. ಹೊನ್ನಯ್ಯ ಯೋಳಿದ್ದು ಸುಳ್ಳು.”

ಆ ಕಡೆ ಫೋನ್ ಇಟ್ಟರು. ಅವ್ವ ನನ್ನ ಮುಖ ನೋಡಲಿಲ್ಲ. ಹೊನ್ನಯ್ಯ ಯಾವಾಗ ಎದ್ದು ಹೋದನೋ ಕಾಣೆ.

ಸಂಜೆ ಆಫೀಸಿನಲ್ಲಿ ಗೆರೆ ಎಳೆದೆ. ಪರದೆಯ ನಡುವೆ ಅಣ್ಣನ ಚುಕ್ಕಿ, ಸುತ್ತ ಎಂಟು ಮನೆ, ಒಂದೊಂದು ಮನೆಯಿಂದ ಮತ್ತೆ ಶಾಲೆ, ಅಂಗಡಿ, ನೆಂಟರು. ಡಾಕ್ಟರು ನೋಡಿ, ಇಷ್ಟು ಗೆರೆ ಇರುವವರು ಸಾಮಾನ್ಯವಾಗಿ ವ್ಯಾಪಾರಿಗಳೋ ಲೀಡರುಗಳೋ ಆಗಿರುತ್ತಾರೆ, ಮೂರು ತಾಲ್ಲೂಕಿಗೆ ಬೇಕಾದವನು ಯಾರಮ್ಮ ಇವನು ಅಂದರು. ನಮ್ಮಣ್ಣ ಸಾರ್, ಇವೆಲ್ಲ ಬೇಡ ಅಂದ ಮನೆಗಳು ಅಂದೆ. ಅಂದವಳೇ ಅತ್ತುಬಿಟ್ಟೆ, ಅವರ ಮುಂದೆಯೇ. ಅವರು ಮೂರು ಹೊಸ ಮನೆಗೂ ಅವತ್ತೇ ಜನ ಕಳಿಸಿದರು. ಒಂದರಲ್ಲಿ ನಾಲ್ಕು ವರ್ಷದ ಹುಡುಗನಿಗೆ ಟಾನ್ಸಿಲ್ ಅಂತ ಎರಡು ದಿನದಿಂದ ಕಷಾಯ ಕುಡಿಸುತ್ತಿದ್ದರು. ಅದು ಟಾನ್ಸಿಲ್ ಆಗಿರಲಿಲ್ಲ. ರಾತ್ರಿಯೊಳಗೆ ಅವನಿಗೆ ಔಷಧ ಬಿತ್ತು, ಉಳಿದ.

ಬೆಳಿಗ್ಗೆ ಕಿರುಗಾವಲಿಗೆ ನಾನೇ ಹೋದೆ, ಬೇರೆಯವರನ್ನು ಕಳಿಸಲು ಮನಸ್ಸಾಗಲಿಲ್ಲ. ಲಿಂಗಯ್ಯ ಬಾಗಿಲಲ್ಲೇ ಹಿಡಿದು ಕೂಗಿದ. ಮೂವತ್ತು ಮನೆ ಸುತ್ತಿದವನು ನಮ್ಮ ಮನೆಗೆ ರೋಗ ತಂದ, ಈ ಸಂಬಂಧ ಸತ್ತಿತು, ನಿಮ್ಮವ್ವನಿಗೆ ಹೇಳು ಅಂದ. ತಲೆಬಗ್ಗಿಸಿ ಕೇಳಿಸಿಕೊಂಡೆ, ಅದು ನನ್ನ ಜಾಯಮಾನವಲ್ಲ. ಕೂಗು ಮುಗಿದ ಮೇಲೆ ಒಳಗೆ ಬಿಟ್ಟ. ಮನೆಯ ಮಗು ಗಗನ, ಲಿಂಗಯ್ಯನ ಮೊಮ್ಮಗಳು. ಗಂಟಲು ಸ್ವಲ್ಪ ಕೆಂಪಗಿತ್ತು, ಪೊರೆ ಇರಲಿಲ್ಲ. ಎಲ್ಲರಿಗೂ ಮಾತ್ರೆ ಕೊಟ್ಟೆ. ಕಡೆಗೆ ಫಾರಂ ತೆಗೆದು, ನಮ್ಮಣ್ಣ ಬಂದು ಹೋದ ಮೇಲೆ ಹೊರಗಿನವರು ಯಾರು ಬಂದಿದ್ದರು ಅಂತ ಕೇಳಿದೆ.

ಯಾರೂ ಬಂದಿಲ್ಲ ಅಂದ ಲಿಂಗಯ್ಯ.

ಅದೇ ಸುಳ್ಳು, ಐದನೇ ಮನೆ. ಪ್ರಿಯಾಂಕ ಗಗನಳನ್ನು ಎತ್ತಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ತೆಳ್ಳಗಿನ ಹುಡುಗಿ, ಕಣ್ಣು ಊದಿತ್ತು.

“ಇಬ್ರು ಬಂದಿದ್ರು,” ಅಂದಳು. “ಓದ್ ಭಾನ್ವಾರ ಒಬ್ರು, ಗುರ್ವಾರ ಒಬ್ರು. ಬರ್ಕೊಳಿ.”

ಅವರಮ್ಮ ತಟ್ಟೆ ಕುಕ್ಕಿದಳು. ಲಿಂಗಯ್ಯ ಮಗಳ ಕಡೆ ಒಂದು ಹೆಜ್ಜೆ ಇಟ್ಟು ನಿಂತ. ನಾನು ಲೆಕ್ಕ ಹಾಕಿದೆ. ನಮಗೆ ಒಪ್ಪಿಗೆ ಹೇಳಿ ಆದ ಮೇಲೆ ಬಂದವರು ಇವರು. ಅಲ್ಲಿ ಅಣ್ಣ ರೇಷ್ಮೆ ಶರ್ಟು ಹೊಲಿಸುತ್ತಿದ್ದಾಗ ಇಲ್ಲಿ ಉಪ್ಪಿಟ್ಟು ಬೇಯುತ್ತಿತ್ತು, ಸರ್ಕಾರಿ ಕೆಲಸದವನು ಒಬ್ಬ ಸಿಗಲಿ ಅಂತ. ನನಗೆ ಬಂದ ಸಿಟ್ಟಿಗೆ ಆ ಫಾರಂ ಹರಿದು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಆದರೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.

“ಅವ್ರು ಮೂವತ್ತೊಂದು ಯೋಳವ್ರಂತೆ,” ಅಂದಳು. “ನಂಗೆ ಎರಡು ಯೋಳಕ್ಕೇನು.”

ಎರಡು ಫೋನ್ ನಂಬರ್ ಕೊಟ್ಟಳು. ಬಸ್ ಸ್ಟಾಂಡಿನ ಹತ್ತಿರ ಸ್ಕೂಟರು ನಿಲ್ಲಿಸಿ ಅಲ್ಲಿಂದಲೇ ಮಾಡಿದೆ. ಒಬ್ಬ ಆರೋಗ್ಯ ಇಲಾಖೆ ಅಂದ ತಕ್ಷಣ ಕಟ್ ಮಾಡಿದ. ಇನ್ನೊಬ್ಬ, ಕರೆಂಟು ಆಫೀಸಿನವನಂತೆ, ಕಿರುಗಾವಲು ಎಲ್ಲಿದೆ ಅಂತ ನನ್ನನ್ನೇ ಕೇಳಿದ. ಅವನೂ ಅಲ್ಲಿಂದ ಬಂದ ಮೇಲೆ ಇನ್ನೆಷ್ಟು ಮನೆಗೆ ಹೋಗಿದ್ದಾನೋ, ಅಲ್ಲಿ ಎಷ್ಟು ಮಕ್ಕಳನ್ನು ರೂಮಿಗೆ ತಳ್ಳಿದ್ದಾರೋ. ಮತ್ತೆ ಬರೀ ಚುಕ್ಕಿ.

ಹನಕೆರೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಗಂಟಲ ಮಾದರಿಯ ಫಲಿತಾಂಶ ಬರುವವರೆಗೆ ಅಂತ ಅಣ್ಣನಿಗೆ ಮಾತ್ರೆ ಕೊಟ್ಟು ಗದ್ದೆಯ ಪಂಪ್‌ಸೆಟ್ಟಿನ ಮನೆಯಲ್ಲಿ ಬೇರೆ ಇರಿಸಿದ್ದೆವು. ದಾರಿಯುದ್ದಕ್ಕೂ ಒಂದು ಸುಳ್ಳು ಹೊಂದಿಸಿಕೊಂಡು ಬಂದಿದ್ದೆ, ಅವರು ಯೋಚನೆ ಮಾಡಿ ಹೇಳುತ್ತಾರಂತೆ ಅಂತ. ಅವನು ಹೊರಗೆ ಬಂದು, ಮಗು ಹೇಗಿದೆ ಅಂದ. ಚೆನ್ನಾಗಿದೆ ಅಂದೆ. ಅವರೇನಂದರು ಅಂದ. ಸುಳ್ಳು ಬಾಯಿಗೆ ಬರಲಿಲ್ಲ. ಬೇಡ ಅಂದರು ಅಂತ ಹೇಳಿದೆ. ಒಪ್ಪಿಗೆ ಕೊಟ್ಟ ಮೇಲೂ ಇನ್ನಿಬ್ಬರಿಗೆ ಹುಡುಗಿ ತೋರಿಸಿದ್ದರು ಅಂತ ಹೇಳಿದೆ, ಅದನ್ನು ಬಾಯಿಬಿಟ್ಟವಳು ಹುಡುಗಿಯೇ ಅಂತಲೂ ಹೇಳಿದೆ. ಅವನು ಕೈಯಲ್ಲಿದ್ದ ನೀರಿನ ಚೊಂಬನ್ನು ಕಟ್ಟೆಯ ಮೇಲಿಟ್ಟ. ಅದು ಸರಿಯಾಗಿ ಕೂರಲಿಲ್ಲ, ಮತ್ತೆ ಇಟ್ಟ.

“ಅವ್ರಿಬ್ರಿಗೂ ಮಾತ್ರೆ ಕೊಟ್ಟಾ?” ಅಂದ.

ಇಲ್ಲ, ಒಪ್ಪಿಕೊಳ್ಳುವುದೇ ಇಲ್ಲ, ಫೋನ್ ಕಟ್ ಮಾಡುತ್ತಾರೆ ಅಂದೆ.

“ನಂಬರ್ ಕೊಡು. ನೀನ್ ಕೇಳುದ್ರೆ ಯೋಳಲ್ಲ ಅವ್ರು.”

ಕರೆಂಟು ಆಫೀಸಿನವನಿಗೆ ಮಾಡಿದ. ಎರಡನೇ ಸಲಕ್ಕೆ ಎತ್ತಿದ. ನಾನು ಮೂರು ಮಾರು ದೂರದಲ್ಲಿ ಬದುವಿನ ಮೇಲೆ ನಿಂತು ಕೇಳಿಸಿಕೊಂಡೆ. ಆಫೀಸಿನಿಂದಲ್ಲ, ಹನಕೆರೆಯಿಂದ ಚಲುವರಾಜು ಅಂತ, ಕಿರುಗಾವಲಿಗೆ ನಿಮಗಿಂತ ಮುಂಚೆ ಹೋದವನು ನಾನು ಅಂದ. ನನಗೂ ಬೇಡ ಅಂದರು ಅಂದ. ಗಂಟಲ ವಿಷಯ ನಿಧಾನಕ್ಕೆ ಹೇಳಿದ. ಅಲ್ಲಿಂದ ಮೇಲೆ ಎಷ್ಟು ಮನೆಗೆ ಹೋದಿರಿ, ನನಗೆ ಹೇಳಿ, ಊರಿಗೆ ಗೊತ್ತಾಗದ ಹಾಗೆ ನಮ್ಮ ತಂಗಿ ನೋಡಿಕೊಳ್ಳುತ್ತಾಳೆ ಅಂದ. ಆಮೇಲೆ ನನ್ನ ಕಡೆ ಕೈ ನೀಡಿದ. ಪೆನ್ನು, ಪುಸ್ತಕ ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ.

ಮೂರು ಮನೆಯ ಹೆಸರು ಬರೆದ. ಮಕ್ಕಳ ವಯಸ್ಸೂ ಕೇಳಿ ಬರೆದ. ಹಾಳೆ ಹರಿದು, ಹಾರದ ಹಾಗೆ ಚೊಂಬಿನ ಕೆಳಗಿಟ್ಟು, ತಗೋ ಅಂತ ಸನ್ನೆ ಮಾಡಿದ. ನಾನು ಅದನ್ನು ಎತ್ತಿಕೊಂಡು ಓಡಬೇಕಾಗಿತ್ತು, ಡಾಕ್ಟರು ಕಾಯುತ್ತಿದ್ದರು.

ಅಣ್ಣ ಫೋನ್ ಇಡಲಿಲ್ಲ. ಪಂಪ್‌ಸೆಟ್ಟಿನ ಗೋಡೆಗೆ ಒರಗಿ ಕೂತು, ಆ ಕಡೆಯವನನ್ನು ಕೇಳಿದ.

“ಅವ್ರೇನಂದ್ರು ಅಣ್ಣ ನಿಮ್ಗೆ?”

ನಾನು ಬದು ದಾಟಿ ಸ್ಕೂಟರಿನ ಹತ್ತಿರ ಬಂದು ತಿರುಗಿ ನೋಡಿದಾಗಲೂ ಅವನು ಹೂಂಗುಟ್ಟುತ್ತಲೇ ಇದ್ದ.